ಗುತ್ತೇದಾರನ ಪೂರ್ವಾಪರ: ಕೆಲಸ ಒಪ್ಪಿಸುವ ಮುನ್ನ ವಿಚಾರಿಸತಕ್ಕ ಸಂಗತಿಗಳು

ಕಮಲಾಪುರದ ಕಡೆಯ ರೈತನೊಬ್ಬ ಎತ್ತು ಕೊಳ್ಳಲೆಂದು ಸಂತೆಗೆ ಹೋದನೆಂದರೆ, ಬಾಯಿ ತೆರೆಸಿ ಹಲ್ಲು ನೋಡಿ, ಬೆನ್ನಿನ ಮೇಲೆ ಕೈಯಾಡಿಸಿ ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ, ಮಾರುವವನ ಊರು ಕೇರಿಗಳನ್ನೆಲ್ಲ ಕೇಳಿ ತಿಳಿದ ಹೊರತು ಸೊಂಟದ ಹಣಕ್ಕೆ ಕೈ ಹಾಕುವುದಿಲ್ಲ. ಅದೇ ರೈತ, ಒಂದೂವರೆ ವರ್ಷ ಗೊಬ್ಬರ ನೀರು ಉಣ್ಣಿಸಿ ಮಗುವಿನಂತೆ ಸಾಕಿದ ಕೆಂಪು ಬಾಳೆಯ ತೋಟವನ್ನು ಗೊನೆ ಕಡಿದು ಸಾಗಿಸುವ ಗುತ್ತಿಗೆಗೆ ಒಪ್ಪಿಸುವಾಗ, ಬಂದವನ ಹೆಸರು ಮತ್ತು ಮೊಬೈಲ್ ನಂಬರಿಗಿಂತ ಹೆಚ್ಚಿನದೇನನ್ನೂ ಕೇಳದೆ ಹೂಂಗುಟ್ಟಿಬಿಡುವುದನ್ನು ನಾನು ಕಂಡಿದ್ದೇನೆ. ಕಲಬುರಗಿಯ ಬೇಳೆ ಗಿರಣಿಗಳ ಸಾಹುಕಾರರಾದರೂ ಈ ವಿಷಯದಲ್ಲಿ ಬೇರೆಯಲ್ಲ. ತೊಗರಿಯ ಕಾಳನ್ನು ಅಂಗೈಯಲ್ಲಿ ಹರವಿ, ಹಲ್ಲಿನಿಂದ ಕಚ್ಚಿ, ತೇವಾಂಶವನ್ನು ಅಳೆದು ದರ ಹೇಳುವ ಅವರ ಸೂಕ್ಷ್ಮ ದೃಷ್ಟಿ, ಅದೇ ತೊಗರಿಯನ್ನು ಇಳಿಸುವ ಮುಕಾದಮನ ಮೇಲಾಗಲಿ, ಗಿರಣಿಯ ತಂತಿ ಎಳೆಯುವ ಮಿಸ್ತ್ರಿಯ ಮೇಲಾಗಲಿ ಬೀಳುವುದು ಅಪರೂಪ.

ಗುತ್ತೇದಾರ ಎಂಬುದು ಉದ್ಯೋಗದ ಹೆಸರಾಗಿ ಮಾತ್ರ ಉಳಿಯದೆ ಮನೆತನಗಳ ಅಡ್ಡಹೆಸರೇ ಆಗಿಹೋದ ಸೀಮೆ ನಮ್ಮದು. ಆ ಶಬ್ದದೊಡನೆ ನಮಗೆ ಸಲಿಗೆ ಹೆಚ್ಚು. ‘ನಮ್ಮ ಮಂದೀನೇ ಅದಾರ್ರಿ, ಏನ್ ಕೇಳ್ತೀರಿ?’ ಎಂಬ ಒಂದೇ ಮಾತಿನಲ್ಲಿ ಎಲ್ಲ ವಿಚಾರಣೆಯೂ ಮುಗಿದುಹೋಗುತ್ತದೆ. ಶರಣಬಸವೇಶ್ವರರ ದಾಸೋಹದ ಪರಂಪರೆಯಲ್ಲಿ ಬೆಳೆದ ಊರಿನಲ್ಲಿ ಎಲೆಯ ಮುಂದೆ ಕುಳಿತವನ ಹೆಸರು ಕೇಳದೆ ಉಣಬಡಿಸುವುದು ಸಹಜವೂ ಶ್ಲಾಘ್ಯವೂ ಆದದ್ದೇ ಸರಿ. ಆದರೆ ಗೋದಾಮಿನ ಕೀಲಿಕೈಯನ್ನು ಅದೇ ಔದಾರ್ಯದಿಂದ ಕೊಡುವುದಕ್ಕೆ ಆ ಪರಂಪರೆಯಲ್ಲಿ ಅಪ್ಪಣೆ ಇದೆಯೆಂದು ನನಗೆ ತೋರುವುದಿಲ್ಲ.

‘ಅವನು ನಮ್ಮ ನೌಕರನಲ್ಲ, ಗುತ್ತಿಗೆಯವನು; ತಪ್ಪಾದರೆ ಅವನ ತಲೆಯ ಮೇಲೆ’ ಎಂಬ ಭ್ರಮೆಯೇ ಈ ಉಪೇಕ್ಷೆಯ ಮೂಲ. ಕಾಯಿದೆ ಹಾಗೆ ಹೇಳುವುದಿಲ್ಲ. ತನ್ನ ವ್ಯಾಪಾರದ ಅಂಗವಾದ ಕೆಲಸವನ್ನು ಗುತ್ತಿಗೆಗೆ ಕೊಟ್ಟ ಮಾಲೀಕ, ಆ ಕೆಲಸದಲ್ಲಿ ಗುತ್ತಿಗೆದಾರನ ಆಳು ಗಾಯಗೊಂಡರೆ ಅಥವಾ ಸತ್ತರೆ ಪರಿಹಾರವನ್ನು ತಾನೇ ಕೊಡಬೇಕಾದೀತು, ಅನಂತರ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳುವ ಪ್ರಯತ್ನ ಅವನದು ಎಂಬ ನಿಯಮ 1923ರ ಕಾರ್ಮಿಕ ಪರಿಹಾರ ಕಾಯಿದೆಯಷ್ಟು ಹಳೆಯದು. ಗುತ್ತಿಗೆದಾರ ಕೂಲಿ ಕೊಡದೆ ಓಡಿಹೋದರೆ ಆ ಕೂಲಿಯ ಹೊಣೆ ಮುಖ್ಯ ಮಾಲೀಕನದೆಂದು 1970ರ ಗುತ್ತಿಗೆ ಕಾರ್ಮಿಕರ ಕಾಯಿದೆ ಸ್ಪಷ್ಟವಾಗಿ ವಿಧಿಸಿತು. 2020ರ ಕಾರ್ಮಿಕ ಸಂಹಿತೆಯೂ ಆ ತತ್ತ್ವವನ್ನು ಉಳಿಸಿಕೊಂಡಿದೆ. ಓಡಿಹೋದವನ ಸರಿಯಾದ ವಿಳಾಸವೂ ನಿಮ್ಮ ಬಳಿ ಇಲ್ಲದಿದ್ದರೆ ವಸೂಲಿಯ ಮಾತು ಎಲ್ಲಿಂದ ಬಂತು?

ಆದಕಾರಣ ಕ್ರಮವಾಗಿ ಮಾಡತಕ್ಕದ್ದು ಏನೆಂಬುದನ್ನು ಇಲ್ಲಿ ಬರೆಯುತ್ತೇನೆ.

ಮೊದಲು ಕೆಲಸವನ್ನು ತೂಗಿ ನೋಡಬೇಕು. ಅಂಗಡಿಯ ಹಲಗೆಗೆ ಬಣ್ಣ ಬಳಿದು ಹೋಗುವವನಿಗೂ, ರಾತ್ರಿ ಗೋದಾಮಿನೊಳಗೆ ಇರುವವನಿಗೂ ಒಂದೇ ವಿಚಾರಣೆ ಸಲ್ಲದು. ಹಣ ಮುಟ್ಟುವವನೆ, ಕೀಲಿಕೈ ಹಿಡಿಯುವವನೆ, ಅವನ ಕೈಯ ತಪ್ಪಿನಿಂದ ಜೀವಕ್ಕೆ ಅಪಾಯ ಉಂಟೆ ಎಂಬ ಮೂರು ಪ್ರಶ್ನೆಗಳನ್ನು ಹಾಕಿಕೊಂಡು, ಯಾವುದಕ್ಕಾದರೂ ಹೌದೆಂಬ ಉತ್ತರ ಬಂದರೆ ಮುಂದಿನ ಹಂತಗಳನ್ನು ಹಿಡಿಯಬೇಕು. ಮೂರಕ್ಕೂ ಅಲ್ಲವೆಂದರೆ ಗುರುತಿನ ಚೀಟಿಯೊಂದನ್ನು ನೋಡಿ ಬಿಟ್ಟರೆ ಸಾಕು.

ಎರಡನೆಯದು ಒಪ್ಪಿಗೆ. ಯಾವ ಯಾವ ಸಂಗತಿಗಳನ್ನು ವಿಚಾರಿಸಲಿದ್ದೇವೆ, ಯಾತಕ್ಕಾಗಿ ಎಂಬುದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿಯೇ ಬರೆದು, ಓದಿ ಹೇಳಿ, ಅವನ ಸಹಿ ಪಡೆಯಬೇಕು. ಇದು ಶಿಷ್ಟಾಚಾರ ಮಾತ್ರವೆಂದು ತಿಳಿಯಬಾರದು. ಖಾಸಗಿತನ ಮನುಷ್ಯನ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿದ್ದು, ನಮ್ಮ ರಾಜ್ಯದ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ. ಖಾಸಗಿ ಸಂಸ್ಥೆಗಳು ಕರಾರಿನ ಬಲದಿಂದ ಆಧಾರ್ ಕೇಳುವುದಕ್ಕೆ ಅವಕಾಶವಿತ್ತಿದ್ದ ಕಾಯಿದೆಯ ಕಲಮನ್ನು ಮರುವರ್ಷ ಅದೇ ನ್ಯಾಯಾಲಯ ತಳ್ಳಿಹಾಕಿತು. 2023ರಲ್ಲಿ ವೈಯಕ್ತಿಕ ದತ್ತಾಂಶದ ರಕ್ಷಣೆಗೆ ಪ್ರತ್ಯೇಕ ಕಾಯಿದೆಯೇ ಆಯಿತು. ಆಧಾರನ್ನು ತಾನಾಗಿ ಕೊಡಬಯಸುವವನಿಂದಲೂ ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಮರೆಮಾಡಿದ ಪ್ರತಿಯನ್ನು ಪಡೆದರೆ ಸಾಕು.

ಮೂರನೆಯದು ಸಂಖ್ಯೆಗಳ ಪರೀಕ್ಷೆ. ಇದರ ಪ್ರಯೋಜನವನ್ನು ನಾನು ಕಣ್ಣಾರೆ ಕಂಡದ್ದರಿಂದ ಸ್ವಲ್ಪ ವಿಸ್ತರಿಸುತ್ತೇನೆ. ಹುಮನಾಬಾದ್ ರಸ್ತೆಯ ಕಪನೂರು ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಭಾವನವರ ಬೇಳೆ ಗಿರಣಿಯಲ್ಲಿ ಎಲಿವೇಟರಿನ ಕಬ್ಬಿಣದ ಕಟ್ಟು ತುಕ್ಕು ತಿಂದಿತ್ತು. ಅದನ್ನು ಬದಲಾಯಿಸುವುದಕ್ಕೆ ಬಂದ ಫ್ಯಾಬ್ರಿಕೇಷನ್ ಗುತ್ತೇದಾರ 3,40,000 ರೂಪಾಯಿಗೆ ಮಾತಾಡಿ, ಅದರ ಮೇಲೆ ನೂರಕ್ಕೆ 18ರಂತೆ ತೆರಿಗೆ 61,200 ಎಂದು ಅಂದಾಜುಪಟ್ಟಿ ಕೊಟ್ಟ. ಗಿರಣಿಯ ಮುನೀಮರು ಹಳೆಯ ಕಾಲದವರು. ಕನ್ನಡಕವನ್ನು ಹಣೆಗೇರಿಸಿ, ಅವನ ಕಾರ್ಡನ್ನು ಮೂಗಿನ ಹತ್ತಿರ ಹಿಡಿದು, ಜಿಎಸ್‌ಟಿ ಸಂಖ್ಯೆಯ ಒಂದೊಂದು ಅಕ್ಷರದ ಮೇಲೂ ಪೆನ್ಸಿಲಿನ ಮೊನೆಯಿಟ್ಟು ಎಣಿಸತೊಡಗಿದರು. ಎರಡನೆಯ ಅಂಕಿಯಲ್ಲಿಯೇ ಪೆನ್ಸಿಲು ನಿಂತಿತು.

‘ಅಲ್ರೀ, ವಿಳಾಸ ಕಲಬುರಗಿ ಹಾಕೀರಿ, ನಂಬರ್ 36 ಯಾಕ್ ಅದ?’

ಆ ಸಂಖ್ಯೆಯಲ್ಲಿ 15 ಅಕ್ಷರಗಳಿರುತ್ತವೆ. ಮೊದಲ ಎರಡು ರಾಜ್ಯದ ಗುರುತು: ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27, ತೆಲಂಗಾಣಕ್ಕೆ 36. ಮುಂದಿನ ಹತ್ತು ಅಕ್ಷರಗಳು ಆ ವ್ಯಕ್ತಿಯ ಅಥವಾ ಸಂಸ್ಥೆಯ ಪ್ಯಾನ್ ಸಂಖ್ಯೆಯೇ ಆಗಿರತಕ್ಕದ್ದು. ಪ್ಯಾನಿನಲ್ಲಿಯೂ ನಾಲ್ಕನೆಯ ಅಕ್ಷರ ಧಾರಕನ ಸ್ವರೂಪವನ್ನು ಹೇಳುತ್ತದೆ: ‘ಪಿ’ ಎಂದರೆ ವ್ಯಕ್ತಿ, ‘ಎಫ್’ ಎಂದರೆ ಪಾಲುದಾರಿಕೆ, ‘ಸಿ’ ಎಂದರೆ ಕಂಪನಿ. ವ್ಯಕ್ತಿಯಾದರೆ ಐದನೆಯ ಅಕ್ಷರ ಅವನ ಅಡ್ಡಹೆಸರಿನ ಮೊದಲಕ್ಷರ. ಕಾರ್ಡಿನ ಮೇಲೆ ‘ಅಂಡ್ ಸನ್ಸ್’ ಎಂದೋ ‘ಪ್ರೈವೇಟ್ ಲಿಮಿಟೆಡ್’ ಎಂದೋ ಅಚ್ಚು ಹಾಕಿಸಿದವನ ಪ್ಯಾನಿನಲ್ಲಿ ‘ಪಿ’ ಇದ್ದರೆ ಕಾರಣ ಕೇಳುವುದು ಅಗತ್ಯ. ಇಷ್ಟನ್ನು ಕಾಗದ ಪೆನ್ಸಿಲಿನಿಂದಲೇ ಮಾಡಿ, ಆಮೇಲೆ ಜಿಎಸ್‌ಟಿ ಪೋರ್ಟಲಿನಲ್ಲಿ ಸಂಖ್ಯೆಯನ್ನು ಹಾಕಿದರೆ ನೋಂದಣಿಯಾದ ಹೆಸರು, ವಿಳಾಸ, ಅದು ಚಾಲ್ತಿಯಲ್ಲಿದೆಯೆ ಅಥವಾ ರದ್ದಾಗಿದೆಯೆ ಎಂಬುದೆಲ್ಲ ಕ್ಷಣದಲ್ಲಿ ತಿಳಿಯುತ್ತದೆ.

ರದ್ದಾಗಿತ್ತು. ವಿಚಾರಿಸಲಾಗಿ, ಅದು ಜಹೀರಾಬಾದಿನಲ್ಲಿ ಅವನ ಅಣ್ಣ ನಡೆಸಿ ಮುಚ್ಚಿದ ಅಂಗಡಿಯ ಸಂಖ್ಯೆಯೆಂದೂ, ಉಳಿದ ಕಾರ್ಡುಗಳನ್ನು ವಿಳಾಸ ತಿದ್ದಿ ತಾನು ಬಳಸುತ್ತಿರುವೆನೆಂದೂ ಆತ ತಲೆ ತಗ್ಗಿಸಿ ಒಪ್ಪಿಕೊಂಡ. ವರ್ಷದ ವಹಿವಾಟು 20 ಲಕ್ಷ ದಾಟದ ಸೇವೆಯವನಿಗೆ ಸಾಮಾನ್ಯವಾಗಿ ನೋಂದಣಿಯೇ ಬೇಡ. ಆದರೆ ನೋಂದಣಿಯಿಲ್ಲದವನು ತೆರಿಗೆಯೆಂದು ಬಿಲ್ಲಿನಲ್ಲಿ ಹಣ ಪಡೆಯುವಂತಿಲ್ಲ. ಅವನ ಕೈಕೆಲಸ ಒಳ್ಳೆಯದೆಂದು ಬೇರೆ ಕಡೆಯಿಂದ ತಿಳಿದದ್ದರಿಂದ, 61,200ನ್ನು ಹೊಡೆದುಹಾಕಿಸಿ ಸಾದಾ ಬಿಲ್ಲಿನ ಮೇಲೆ ಕೆಲಸ ಕೊಟ್ಟರು. ಕಟ್ಟು ಇಂದಿಗೂ ಗಟ್ಟಿಯಾಗಿದೆ.

ಬ್ಯಾಂಕಿನ ಖಾತೆಯೂ ಪ್ಯಾನಿನಲ್ಲಿರುವ ಹೆಸರಿನಲ್ಲಿಯೇ ಇರಬೇಕು. ರದ್ದುಮಾಡಿದ ಚೆಕ್ ಒಂದನ್ನು ಕೇಳಿ ಪಡೆದರೆ ಇದು ಖಚಿತವಾಗುತ್ತದೆ. ಮೈದುನನ ಖಾತೆಗೆ ಹಾಕಿ ಎನ್ನುವವನಿಗೆ ಹಾಕಬಾರದು. ಪ್ಯಾನ್ ಕೊಡದವನ ಹಣದಲ್ಲಿ, ತೆರಿಗೆ ಮುರಿದುಕೊಳ್ಳುವ ಹೊಣೆಯುಳ್ಳ ವ್ಯಾಪಾರಿ ನೂರಕ್ಕೆ ಒಂದೆರಡು ರೂಪಾಯಿಯ ಬದಲು 20 ಮುರಿಯಬೇಕಾಗುತ್ತದೆಂಬುದನ್ನು ಮಾತಿನ ಆರಂಭದಲ್ಲಿಯೇ ತಿಳಿಸಿದರೆ, ಮನೆಯಲ್ಲಿ ಮರೆತ ಪ್ಯಾನ್ ಸಂಜೆಯೊಳಗೆ ಬರುತ್ತದೆ.

ನಾಲ್ಕನೆಯದು ಪರವಾನಿಗೆ. ವಿದ್ಯುತ್ ಕೆಲಸದವನಾದರೆ ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸು, ಅದರ ದರ್ಜೆ, ಅವಧಿ. ಲಾರಿಯವನಾದರೆ ಗಾಡಿಯ ವಿಮೆ ಮತ್ತು ಚಾಲಕನ ಲೈಸೆನ್ಸು. ಹೆಚ್ಚು ಆಳುಗಳನ್ನು ತರುವವನಾದರೆ ಕಾರ್ಮಿಕ ಇಲಾಖೆಯ ಪರವಾನಿಗೆ. ಈ ಕೊನೆಯದಕ್ಕೆ 1970ರ ಕಾಯಿದೆಯಲ್ಲಿ 20 ಮಂದಿಯ ಮಿತಿ ಇದ್ದದ್ದನ್ನು 2020ರ ಸಂಹಿತೆ 50ಕ್ಕೆ ಏರಿಸಿದೆ. ಬೇಳೆಯ ಸಣ್ಣ ಧೂಳು ಗೋಡೆ ತೊಲೆಗಳ ಮೇಲೆಲ್ಲ ಕುಳಿತಿರುವ ಗಿರಣಿಯಲ್ಲಿ ಅನುಭವವಿಲ್ಲದವನ ವೆಲ್ಡಿಂಗಿನ ಒಂದು ಕಿಡಿ ಏನು ಮಾಡಬಲ್ಲುದೆಂಬುದನ್ನು ಗಿರಣಿಯವರಿಗೆ ನಾನು ಹೇಳಬೇಕಾಗಿಲ್ಲ. ಮುಕಾದಮನ ವಿಷಯದಲ್ಲಿ ಇನ್ನೆರಡು ಸಂಗತಿಗಳನ್ನು ನೋಡಲೇಬೇಕು: ಅವನ ತಂಡದಲ್ಲಿ 14 ತುಂಬದ ಹುಡುಗರಿದ್ದಾರೆಯೆ, ಮತ್ತು ಮುಂಗಡದ ಸಾಲಕ್ಕೆ ಕಟ್ಟುಬಿದ್ದು ದುಡಿಯುವವರಿದ್ದಾರೆಯೆ. ಮೊದಲನೆಯದು ಬಾಲಕಾರ್ಮಿಕ ಕಾಯಿದೆಗೂ, ಎರಡನೆಯದು 1976ರ ಜೀತ ನಿಷೇಧ ಕಾಯಿದೆಗೂ ವಿರುದ್ಧ. ಅಧಿಕಾರಿಗಳು ಬಂದಾಗ ನಿಲ್ಲುವುದು ನಿಮ್ಮ ಅಂಗಳದಲ್ಲಿ.

ಐದನೆಯದು ನ್ಯಾಯಾಲಯದ ದಾಖಲೆ. ಇ-ಕೋರ್ಟ್ಸ್ ಜಾಲತಾಣದಲ್ಲಿ ಜಿಲ್ಲೆ, ಪಕ್ಷಕಾರನ ಹೆಸರು ಮತ್ತು ವರ್ಷವನ್ನು ಹಾಕಿದರೆ ಕಲಬುರಗಿಯ ಜಿಲ್ಲಾ ನ್ಯಾಯಾಲಯಗಳ ಮೊಕದ್ದಮೆಗಳು ಕಾಣುತ್ತವೆ. 2008ರಲ್ಲಿ ಸಂಚಾರಿ ಪೀಠವಾಗಿ ಬಂದು 2013ರಲ್ಲಿ ಕಾಯಂ ಆದ ನಮ್ಮ ಹೈಕೋರ್ಟ್ ಪೀಠದವನ್ನೂ ಹೀಗೆಯೇ ಹುಡುಕಬಹುದು. ಚೆಕ್ ಬೌನ್ಸಿನ ಮೊಕದ್ದಮೆಗಳು ಸಾಲಾಗಿ ಕಂಡರೆ ಯೋಚಿಸಬೇಕು. ಆದರೆ ಇಲ್ಲಿ ಒಂದು ಎಚ್ಚರಿಕೆ: ಶರಣಪ್ಪ, ಮಲ್ಲಿಕಾರ್ಜುನ, ಬಸವರಾಜ ಎಂಬ ಹೆಸರುಗಳಿಲ್ಲದ ಓಣಿ ಈ ಜಿಲ್ಲೆಯಲ್ಲಿ ಇಲ್ಲವಾದ್ದರಿಂದ, ತಂದೆಯ ಹೆಸರು ಮತ್ತು ಊರು ಎರಡೂ ಕೂಡಿಬಂದ ಹೊರತು ಆ ಮೊಕದ್ದಮೆ ಇವನದೇ ಎಂದು ನಿಶ್ಚಯಿಸಕೂಡದು.

ರಾತ್ರಿ ಇರುವವರಿಗೂ ಹಣ ಒಯ್ಯುವವರಿಗೂ ಪೊಲೀಸ್ ಪರಿಶೀಲನಾ ಪತ್ರ ಅವಶ್ಯ. ಸೇವಾ ಸಿಂಧು ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. ನಗರದ ನಿವಾಸಿಯಾದರೆ ಕಲಬುರಗಿ ಪೊಲೀಸ್ ಆಯುಕ್ತಾಲಯಕ್ಕೂ, ಕಮಲಾಪುರದ ಕಡೆಯವನಾದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ವ್ಯಾಪ್ತಿಗೂ ಸೇರುತ್ತದೆ.

ಇವೆಲ್ಲಕ್ಕಿಂತ ನಾನು ಹೆಚ್ಚು ಬೆಲೆ ಕೊಡುವುದು ಹಿಂದೆ ಕೆಲಸ ಮಾಡಿಸಿದವರ ಮಾತಿಗೆ. ಅವನು ಕೊಟ್ಟ ಮೂರು ಹೆಸರುಗಳಿಗೆ ಫೋನು ಮಾಡಿದರೆ ಮೂವರೂ ಹೊಗಳುತ್ತಾರೆ. ಹೊಗಳುವವರನ್ನೇ ಅಲ್ಲವೆ ಅವನು ಆರಿಸಿ ಕೊಟ್ಟಿರುವುದು? ಅವನು ಹೆಸರಿಸದೆ ಬಿಟ್ಟ ಒಂದು ಸ್ಥಳಕ್ಕೆ, ಅವನಿಗೆ ತಿಳಿಸಿಯೇ, ಸ್ವತಃ ಹೋಗಬೇಕು. ‘ಮನುಷ್ಯ ಹ್ಯಾಂಗ್ರಿ?’ ಎಂದು ಕೇಳಿದರೆ ‘ಛಲೋ ಅದಾನ್ರಿ’ ಎಂಬುದಕ್ಕಿಂತ ಬೇರೆ ಉತ್ತರ ಬಾರದು. ಹೇಳಿದ ದಿನಕ್ಕೆ ಮುಗಿಸಿದನೆ, ನಡುವೆ ದರ ಏರಿಸಿದನೆ, ಅವನ ಆಳುಗಳು ಕೂಲಿಗಾಗಿ ನಿಮ್ಮ ಬಾಗಿಲಿಗೆ ಬಂದದ್ದುಂಟೆ, ಇನ್ನೊಮ್ಮೆ ಕರೆಯುತ್ತೀರಾ ಎಂದು ಕೇಳಬೇಕು. ಈ ಕೊನೆಯ ಪ್ರಶ್ನೆಗೆ ಮುನ್ನ ಎದುರಿನವರು ಚಹಾ ತರಿಸುವ ಮಾತೆತ್ತಿದರೆ ಉತ್ತರ ಬಂದಂತೆಯೇ. ಸಾಧ್ಯವಾದರೆ ಆ ಸ್ಥಳದ ಹಮಾಲರೊಡನೆಯೂ ಎರಡು ಮಾತಾಡಬೇಕು. ಸಾಹುಕಾರರಿಗೆ ತಿಳಿಯದ್ದು ಅವರಿಗೆ ತಿಳಿದಿರುತ್ತದೆ.

ವಿಚಾರಣೆಯಲ್ಲಿ ಪ್ರತಿಕೂಲವಾದದ್ದೇನಾದರೂ ಕಂಡರೆ, ಅದನ್ನು ಅವನ ಮುಂದಿಟ್ಟು ಸಮಾಧಾನ ಕೇಳಿದ ಮೇಲೆಯೇ ತೀರ್ಮಾನಿಸತಕ್ಕದ್ದು. ಮೊಕದ್ದಮೆ ಹೂಡಲ್ಪಟ್ಟವನೆಲ್ಲ ಅಪರಾಧಿಯಲ್ಲ; ಹತ್ತು ವರ್ಷದ ಹಿಂದಿನ ಹೊಲದ ಬದುವಿನ ಜಗಳಕ್ಕೂ ಇಂದಿನ ತಂತಿ ಕೆಲಸಕ್ಕೂ ಸಂಬಂಧವಿಲ್ಲ. ಜಾತಿ, ಮತ, ಕೇರಿ, ಪಕ್ಷ ಇವು ಪೂರ್ವಾಪರ ವಿಚಾರಣೆಯ ವೇಷದಲ್ಲಿ ಒಳಗೆ ನುಸುಳುವುದನ್ನು ನಾನು ಬಲ್ಲೆ. ಅವುಗಳಿಗೆ ಆ ಹಾಳೆಯಲ್ಲಿ ಅಂಕಣವೇ ಇರಕೂಡದು. ಅಮಾತ್ಯರ ಶುದ್ಧಿಯನ್ನು ಪರೀಕ್ಷಿಸುವುದಕ್ಕೆ ನಾಲ್ಕು ಬಗೆಯ ಉಪಧೆಗಳನ್ನು ಹೇಳಿದ ಕೌಟಿಲ್ಯನಂಥ ಕಠಿಣ ಮನುಷ್ಯನೂ, ಪರೀಕ್ಷೆಯೇ ನಿರ್ದೋಷಿಯನ್ನು ಕೆಡಿಸಿಬಿಡುವ ಅಪಾಯವನ್ನು ಮರೆಯಲಿಲ್ಲ.

ಎಲ್ಲ ಸರಿಯೆನಿಸಿದ ಮೇಲೆ ಕೆಲಸ, ದರ, ಅವಧಿ, ವಿಮೆ, ಕೂಲಿಯ ಹೊಣೆ ಇಷ್ಟನ್ನು ಬರೆದ ಕರಾರು ಆಗಲಿ. ಹೊಸ ತೊಗರಿ ಡಿಸೆಂಬರ್ ಜನವರಿಯಲ್ಲಿ ಗಂಜ್ ಮಾರುಕಟ್ಟೆಗೆ ಬಂದು ಬಿದ್ದಾಗ ಯಾರಿಗೂ ಪುರುಸೊತ್ತಿರುವುದಿಲ್ಲವಾದ್ದರಿಂದ, ಈ ಕಾರ್ಯಗಳೆಲ್ಲ ದೀಪಾವಳಿಯೊಳಗೆ ಮುಗಿಯಬೇಕು. ಹಳಬರ ಪತ್ರಗಳ ಅವಧಿಯನ್ನೂ ಆಗಲೇ ನೋಡಿಬಿಡುವುದು ಲೇಸು.

ಇನ್ನು ಸಂಗ್ರಹಿಸಿದ ಕಾಗದಗಳ ಮಾತು. ಕೆಲಸ ಪಡೆದವನ ಪತ್ರಗಳು ಬೀಗವಿರುವ ಕಪಾಟಿನಲ್ಲಿರಲಿ. ಕೆಲಸ ಸಿಗದವನ ಪ್ರತಿಗಳನ್ನು ಅವನಿಗೇ ಹಿಂದಿರುಗಿಸಬೇಕು, ಇಲ್ಲವೆ ಹರಿದು ಸುಡಬೇಕು, ರದ್ದಿಗೆ ಹಾಕಕೂಡದು. ಕಮಲಾಪುರಕ್ಕೆ ಹೋಗುವಾಗ ಒಮ್ಮೆ ಮಹಾಗಾಂವ ಕ್ರಾಸಿನಲ್ಲಿ ಬಸ್ಸು ಇಳಿದು ಮಿರ್ಚಿ ಭಜಿ ಕಟ್ಟಿಸಿಕೊಂಡಿದ್ದೆ. ತಿಂದು ಮುಗಿಸಿ ಕಾಗದವನ್ನು ಬಿಡಿಸಿ ನೋಡಿದರೆ, ಎಣ್ಣೆ ಹೀರಿ ಪಾರದರ್ಶಕವಾಗಿದ್ದ ಆ ಹಾಳೆಯೊಳಗಿಂದ ಯಾವನೋ ತರುಣನೊಬ್ಬ ನನ್ನನ್ನೇ ನೋಡುತ್ತಿದ್ದ. ಕೆಳಗೆ ಅವನ ಹುಟ್ಟಿದ ದಿನ, ತಂದೆಯ ಹೆಸರು, ಹನ್ನೆರಡು ಅಂಕಿಗಳು.