ಎರಡು ಸಾರಜನಕಗಳ ತೂಕ

ಅಳತೆಗಳ ಎರಡು ಗುಂಪುಗಳಿಗೆ ಸರಾಸರಿಗಳು ಬೇರೆಬೇರೆಯಾಗಿ ಬಂದರೆ, ಅಳೆದ ವಸ್ತುಗಳೂ ಬೇರೆಯೆಂದು ಹೇಳಬಹುದೆ? ಅಥವಾ ಅದು ಕೇವಲ ಪ್ರಯೋಗದ ಏರುಪೇರೆ? ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲೀಯವರಿಗೆ ಈ ಸಂದೇಹ ಬಹಳ ತೀವ್ರವಾಗಿ ಎದುರಾಯಿತು.

1893ರ ಕೊನೆಯಲ್ಲಿ ಅವರು ಒಂದೇ ಗಾಜಿನ ಗೋಳದಲ್ಲಿ ಎರಡು ಮೂಲಗಳ ಸಾರಜನಕವನ್ನು ಸಮಾನ ಸ್ಥಿತಿಯಲ್ಲಿ ತುಂಬಿ ತೂಗಿದರು. ಕಾದ ಕಬ್ಬಿಣದಿಂದ ಆಮ್ಲಜನಕವನ್ನು ಕಳೆದು ಗಾಳಿಯಿಂದ ಪಡೆದ ಸಾರಜನಕದ ತೂಕಗಳು, ಗ್ರಾಂಗಳಲ್ಲಿ: 2.31017, 2.30986, 2.31010, 2.31001. ನೈಟ್ರಿಕ್ ಆಕ್ಸೈಡಿನಿಂದ ಪಡೆದದ್ದು: 2.30143, 2.29890, 2.29816, 2.30182.

ಲೆಕ್ಕದ ಸೌಕರ್ಯಕ್ಕಾಗಿ ಪ್ರತಿಯೊಂದರಿಂದಲೂ 2.30000 ಕಳೆದು, ಉಳಿದುದನ್ನು ಗ್ರಾಮಿನ ಲಕ್ಷಾಂಶಗಳಲ್ಲಿ ಬರೆಯೋಣ. (ಐದು ದಶಮಾಂಶ ಸ್ಥಾನಗಳನ್ನು ಹೊತ್ತು ಗುಣಿಸುವುದು ಶಿಕ್ಷೆಯೇ ಹೊರತು ಗಣಿತವಲ್ಲ.) ಗಾಳಿಯ ಗುಂಪು 1017, 986, 1010, 1001, ಸರಾಸರಿ 1003.5. ಆಕ್ಸೈಡಿನ ಗುಂಪು 143, −110, −184, 182, ಸರಾಸರಿ 7.75. ಸರಾಸರಿಗಳ ಅಂತರ ಸುಮಾರು 996, ಅಂದರೆ ಹತ್ತು ಮಿಲಿಗ್ರಾಮಿಗೂ ಸ್ವಲ್ಪ ಕಡಿಮೆ.

ಇದು ದೊಡ್ಡದೋ ಚಿಕ್ಕದೋ ಎಂಬುದು ಆಯಾ ಗುಂಪಿನೊಳಗಿನ ಚದರಿಕೆಯನ್ನು ಅವಲಂಬಿಸಿದೆ. ಸರಾಸರಿಯಿಂದ ಪ್ರತಿಯೊಂದು ಅಳತೆಯೂ ಎಷ್ಟು ದೂರದಲ್ಲಿದೆಯೆಂದು ನೋಡಬೇಕು. ಈ ವಿಚಲನೆಗಳನ್ನು ಚಿಹ್ನೆಸಹಿತ ಕೂಡಿದರೆ ಮೊತ್ತ ಯಾವಾಗಲೂ ಸೊನ್ನೆಯೇ; ಆದಕಾರಣ ಚಿಹ್ನೆಗಳನ್ನು ಬಿಟ್ಟು ಕೂಡುವೆವು. ಗಾಳಿಯ ಗುಂಪಿನಲ್ಲಿ 13.5, 17.5, 6.5, 2.5, ಮೊತ್ತ 40, ನಾಲ್ಕರಿಂದ ಭಾಗಿಸಿದರೆ 10. ಇದೇ ಸರಾಸರಿ ನಿರಪೇಕ್ಷ ವಿಚಲನೆ. ಆಕ್ಸೈಡಿನ ಗುಂಪಿನಲ್ಲಿ 135.25, 117.75, 191.75, 174.25, ಮೊತ್ತ 619, ವಿಚಲನೆ ಸುಮಾರು 155.

ಸರಾಸರಿಗಳ ಅಂತರವು ಇವೆರಡರಲ್ಲಿ ದೊಡ್ಡದಾದ ವಿಚಲನೆಯ ಆರು ಪಟ್ಟಿಗೂ ಮಿಗಿಲು. ವಿಚಲನೆಯೇ ಸಾವಿರದಷ್ಟಿದ್ದಿದ್ದರೆ ನಾಲ್ಕು ತೂಕಗಳಿಂದ ಏನನ್ನೂ ಹೇಳುವಂತಿರಲಿಲ್ಲ. ಈ ಹೋಲಿಕೆ ಸ್ಥೂಲವಾದುದೆಂಬುದು ನಿಜ. ಆದರೂ ಇಷ್ಟು ದೊಡ್ಡ ಅಂತರವನ್ನು ತಕ್ಕಡಿಯ ಏರುಪೇರೆಂದು ತಳ್ಳಿಹಾಕಲಾಗದು. ನೈಟ್ರಸ್ ಆಕ್ಸೈಡ್, ಅಮೋನಿಯಂ ನೈಟ್ರೈಟುಗಳಿಂದ ಪಡೆದ ಸಾರಜನಕವೂ ಹಗುರವಾಗಿಯೇ ಬಂದಿತು.

ಗಾಳಿಯ ಸಾರಜನಕದಲ್ಲಿ ಬೇರೊಂದು ಭಾರವಾದ ಅನಿಲ ಅಡಗಿತ್ತು. 1894ರ ಆಗಸ್ಟಿನಲ್ಲಿ ರೇಲೀ ಮತ್ತು ವಿಲಿಯಂ ರ್‍ಯಾಮ್ಸೆ ಅದನ್ನು ಪ್ರಕಟಿಸಿದರು. ಅದೇ ಆರ್ಗಾನ್, ಗಾಳಿಯ ಗಾತ್ರದಲ್ಲಿ ಶೇಕಡಾ ಒಂದಕ್ಕಿಂತ ತುಸು ಕಡಿಮೆ.

ವಾಚಕರು ಇನ್ನೊಂದನ್ನು ಗಮನಿಸಬೇಕು. ಒಂದಕ್ಕೊಂದು ಹೆಚ್ಚು ಹೊಂದಿಕೊಂಡ ತೂಕಗಳು ಗಾಳಿಯ ಗುಂಪಿನವು. ಆದರೆ ಬೆರಕೆಯಿದ್ದದ್ದೂ ಅದರಲ್ಲಿಯೇ. ಆರ್ಗಾನ್ ಪ್ರತಿ ಸಲವೂ ಅದೇ ಪ್ರಮಾಣದಲ್ಲಿ ಸೇರುತ್ತಿದ್ದುದರಿಂದ ನಾಲ್ಕು ತೂಕಗಳೂ ಒಟ್ಟಿಗೆ ಮೇಲಕ್ಕೆ ಸರಿದವು. ವಿಚಲನೆಯಲ್ಲಿ ಅದರ ಸುಳಿವೇ ಕಾಣಲಿಲ್ಲ.