ಕಡಲ ನಡುವಣ ಸಿಹಿನೀರು

ನಾಲ್ದೆಸೆಗಳಲ್ಲಿಯೂ ಉಪ್ಪುನೀರು, ನಡುವೆ ಅಂಗೈಯಗಲದ ನೆಲ. ಅಲ್ಲಿ ನದಿಯಿಲ್ಲ, ಬೆಟ್ಟವಿಲ್ಲ. ಆದರೂ ಕೆಲವೇ ಅಡಿ ತೋಡಿದರೆ ಸಿಹಿನೀರು ದೊರೆಯುತ್ತದೆ. ಅರಬ್ಬೀ ಸಮುದ್ರದ ಲಕ್ಷದ್ವೀಪಗಳ ಜನರು ತಲೆಮಾರುಗಳಿಂದ ಬಾಳಿಬಂದುದು ಇಂತಹ ಬಾವಿಗಳನ್ನು ನಂಬಿ. ಇವುಗಳಲ್ಲಿ ಅಮಿನಿ, ಕಡಮತ್, ಕಿಲ್ತಾನ್ ಮೊದಲಾದ ಉತ್ತರದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಒಳಪಟ್ಟಿದ್ದವು.

ಈ ನೀರಿಗೆ ಮಳೆಯೊಂದೇ ಮೂಲ. ಹವಳದಿಂದಾದ ಮರಳು ಹಾಗೂ ಸುಣ್ಣಗಲ್ಲಿನ ನೆಲದಲ್ಲಿ ಮಳೆನೀರು ಬಿದ್ದೊಡನೆ ಇಂಗುತ್ತದೆ. ಕೆಳಗೆ ಕಡಲನೀರು ಮೊದಲೇ ತುಂಬಿರುತ್ತದೆ. ಒಂದು ಲೀಟರ್ ಸಿಹಿನೀರು 1000 ಗ್ರಾಂ ತೂಗಿದರೆ ಕಡಲನೀರು ಸುಮಾರು 1025 ಗ್ರಾಂ ತೂಗುತ್ತದೆ. ಆದ್ದರಿಂದ ಹಗುರವಾದ ಸಿಹಿನೀರು ಭಾರವಾದ ಉಪ್ಪುನೀರಿನ ಮೇಲೆ ತೇಲಿ ನಿಲ್ಲುತ್ತದೆ. ನಡುವೆ ದಪ್ಪವಾಗಿಯೂ ಅಂಚಿನಲ್ಲಿ ತೆಳುವಾಗಿಯೂ ಇರುವ ಈ ಸಂಚಯಕ್ಕೆ ಸಿಹಿನೀರಿನ ಮಸೂರವೆಂದು ಹೆಸರು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹಾಲೆಂಡಿನ ಬಾಡನ್ ಗೈಬೆನ್, 1901ರಲ್ಲಿ ಜರ್ಮನಿಯ ಹರ್ಟ್ಸ್‌ಬರ್ಗ್ ಇವರೀರ್ವರೂ ಬೇರೆ ಬೇರೆಯಾಗಿ ಇದರ ಲೆಕ್ಕವನ್ನು ಪ್ರಕಟಿಸಿದರು. ಸಿಹಿನೀರು ಸಮುದ್ರಮಟ್ಟಕ್ಕಿಂತ 1 ಅಡಿ ಎತ್ತರದಲ್ಲಿದ್ದರೆ ಆ ಮಟ್ಟದ ಕೆಳಗೆ ಸುಮಾರು 40 ಅಡಿ ಸಿಹಿನೀರಿರಬೇಕು. ಆದರೆ ಹವಳದ್ವೀಪಗಳಲ್ಲಿ ಉಬ್ಬರವಿಳಿತಗಳು ಎರಡು ನೀರುಗಳನ್ನೂ ಬೆರೆಸುವುದರಿಂದ ನಡುವೆ ಸವುಳು ನೀರಿನ ಪದರವುಂಟಾಗಿ, ನಿಜವಾದ ಸಿಹಿನೀರು ಇದಕ್ಕಿಂತ ಕಡಿಮೆಯೇ ಇರುತ್ತದೆ.

ಈ ಲೆಕ್ಕದಲ್ಲಿಯೇ ಎಚ್ಚರಿಕೆಯೂ ಅಡಗಿದೆ. ಮೇಲಿನ ಮಟ್ಟ 1 ಅಡಿ ಇಳಿದು ಹಾಗೆಯೇ ನಿಂತರೆ, ಕೆಳಗಿನ ಉಪ್ಪುನೀರು ಕಾಲಕ್ರಮದಲ್ಲಿ 40 ಅಡಿಯಷ್ಟು ಮೇಲೇರಬಲ್ಲುದು. ಒಳನಾಡಿನಲ್ಲಿ ಬಾವಿ ಬತ್ತಿದರೆ ಇನ್ನಷ್ಟು ಆಳಕ್ಕೆ ತೋಡುವುದು ರೂಢಿ. ದ್ವೀಪದಲ್ಲಿ ಆಳಕ್ಕಿಳಿದಷ್ಟೂ ಉಪ್ಪೇ ಸಿಗುತ್ತದೆ. ಒಂದೇ ಕಡೆ ಪಂಪಿನಿಂದ ಬಲವಾಗಿ ಎಳೆದರೆ ಉಪ್ಪುನೀರು ಗೋಪುರದಂತೆ ಮೇಲೆದ್ದು ಬಾವಿಯನ್ನು ಕೆಡಿಸುತ್ತದೆ. ಹಲವು ಆಳವಿಲ್ಲದ ಬಾವಿಗಳಿಂದ ಸ್ವಲ್ಪ ಸ್ವಲ್ಪವೇ ಸೇದುವುದು ಕ್ಷೇಮ. ಮಳೆಯನ್ನು ಬೇಗನೆ ಒಳಗೊಳ್ಳುವ ಮರಳು ಶೌಚಗುಂಡಿಯ ಕೊಳೆಯನ್ನೂ ಒಳಗೊಳ್ಳುವುದರಿಂದ ಶುಚಿತ್ವವೂ ಅಷ್ಟೇ ಅವಶ್ಯ.

2005ರಲ್ಲಿ ಕವರತ್ತಿ ದ್ವೀಪದಲ್ಲಿ ಕಡಲನೀರಿನಿಂದ ದಿನಕ್ಕೆ 1 ಲಕ್ಷ ಲೀಟರ್ ಸಿಹಿನೀರನ್ನು ಪಡೆಯುವ ಸ್ಥಾವರವು ಸ್ಥಾಪಿತವಾಯಿತು. ಆದರೆ ಯಂತ್ರಕ್ಕೆ ಶಕ್ತಿಯೂ ಹಣವೂ ಬೇಕು. ಮಸೂರಕ್ಕೆ ಬೇಕಾದುದು ಮಳೆ ಮತ್ತು ಮನುಷ್ಯನ ಮಿತಿ.

ಇದನ್ನು ತರಗತಿಯಲ್ಲಿಯೇ ತೋರಿಸಬಹುದು. ಗಾಜಿನ ಲೋಟದಲ್ಲಿ ಅರ್ಧದಷ್ಟು ಉಪ್ಪುನೀರನ್ನಿಟ್ಟು, ಬಣ್ಣ ಬೆರೆಸಿದ ಸಿಹಿನೀರನ್ನು ಚಮಚದ ಮೇಲಿಂದ ಮೆಲ್ಲನೆ ಇಳಿಸಿದರೆ ಅದು ಮೇಲೆಯೇ ನಿಲ್ಲುತ್ತದೆ. ಒಮ್ಮೆ ಕಲಕಿದರೆ ಮತ್ತೆ ಬೇರ್ಪಡದು. ದ್ವೀಪವಾಸಿಗಳ ಬಾಳು ನಿಂತಿರುವುದು ಕಲಕದ ಆ ತೆಳುಪದರದ ಮೇಲೆ.