ನೀರೆಲ್ಲಾ ಒಂದೇ ಅಲ್ಲ ಮಗಳೇ

ಮಕ್ತಲ್



ನೀನು ನರ್ಸ್ ಕೆಲಸಕ್ಕೆ ಸೇರಿದ ಸುದ್ದಿ ಕೇಳಿ ಮನಸ್ಸು ತುಂಬಿತು. ‘ಪುಡಿ ಇಂಜೆಕ್ಷನ್ ಕಲಸೋಕೆ ಯಾವ ನೀರಾದರೇನು ದೊಡ್ಡವ್ವ?’ ಎಂದು ಕೇಳಿದೆಯಲ್ಲ, ವಾರ್ಡಿನಲ್ಲಿ ದುಡಿದ ನನಗೆ ಅದಕ್ಕೆ ಫೋನಿನಲ್ಲಿ ಉತ್ತರ ಹೇಳಿದರೆ ಸಮಾಧಾನವಾಗದು.

ನೀವು ‘ಡಿಸ್ಟಿಲ್ಡ್ ವಾಟರ್’ ಎನ್ನುವ ಆಂಪೂಲಿನ ಮೇಲೆ ‘ಸ್ಟೆರೈಲ್ ವಾಟರ್ ಫಾರ್ ಇಂಜೆಕ್ಷನ್ಸ್’ ಎಂದೇ ಇರಬೇಕು. ಬ್ಯಾಟರಿಗೆ ಹಾಕುವ ನೀರು ಬೇರೆ, ಇದು ಬೇರೆ. ಇದರಲ್ಲಿ ಉಪ್ಪಿಲ್ಲ, ಕ್ರಿಮಿ ತಡೆಯುವ ಮದ್ದೂ ಇಲ್ಲ. ಒಡೆದು ಉಳಿದದ್ದನ್ನು ಚೆಲ್ಲಿಬಿಡು. ಮದ್ದು ಬೆರೆಸದೆ ಬರೀ ಈ ನೀರನ್ನೇ ಹೆಚ್ಚಾಗಿ ನರಕ್ಕೆ ಬಿಟ್ಟರೆ ಕೆಂಪು ರಕ್ತಕಣಗಳು ಉಬ್ಬಿ ಒಡೆಯುತ್ತವೆ. 0.9% ಉಪ್ಪಿರುವ ನಾರ್ಮಲ್ ಸಲೈನಿನಲ್ಲಿ ಆ ಭಯವಿಲ್ಲ.

ಇನ್ನೊಂದು, ಬ್ಯಾಕ್ಟೀರಿಯೋಸ್ಟ್ಯಾಟಿಕ್ ವಾಟರ್. ಅದರ ಮೇಲೂ 0.9% ಎಂದಿರುತ್ತದೆ, ಆದರೆ ಅದು ಉಪ್ಪಲ್ಲ, ಬೆಂಜೈಲ್ ಆಲ್ಕೋಹಾಲ್. ಅಂಕಿ ನೋಡಿ ಕೈ ಹಾಕಬೇಡ, ಹೆಸರು ಓದು. ತೆರೆದ ದಿನಾಂಕ ಬರೆದಿಟ್ಟರೆ ಸಾಮಾನ್ಯವಾಗಿ 28 ದಿನ ಬಳಸಬಹುದು. ಹಸುಗೂಸುಗಳಿಗೆ ಮಾತ್ರ ಬೇಡವೇ ಬೇಡ. 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಅವಧಿಗೆ ಮುಂಚೆ ಹುಟ್ಟಿದ ಕೂಸುಗಳು ಈ ಮದ್ದು ಬೆರೆತ ದ್ರವದಿಂದಲೇ ಏದುಸಿರು ಬಿಟ್ಟು ತೀರಿಕೊಂಡವು.

ನಮ್ಮ ಕೃಷ್ಣಾ, ಭೀಮಾ ದಂಡೆಯ ಭತ್ತದ ಗದ್ದೆಗಳಲ್ಲಿ ಹಾವಿನ ಭಯ ನಿನಗೆ ಗೊತ್ತೇ ಇದೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕಕ್ಕೂ ಒಂದೇ ಪ್ರತಿವಿಷ. ಪುಡಿಯ ಒಂದು ವೈಲಿಗೆ 10 ಎಂ.ಎಲ್. ಸ್ಟೆರೈಲ್ ವಾಟರ್. ಕುಲುಕಬೇಡ, ನೊರೆ ಬರುತ್ತದೆ. ಅಂಗೈಯಲ್ಲಿ ಮೆಲ್ಲಗೆ ತಿರುಗಿಸು. ಮೊದಲ ಡೋಸಿಗೇ 8ರಿಂದ 10 ವೈಲು ಬೇಕಾಗುತ್ತದೆ. ಬಾಗಿಲಲ್ಲಿ ಮನೆಮಂದಿ ಅವಸರಪಡಿಸುತ್ತಾರೆ, ಪಾಪ, ಅವರ ಜೀವ ಬಾಯಿಗೆ ಬಂದಿರುತ್ತದೆ. ನೀನು ಕುಲುಕದೆ ಪಕ್ಕದವಳನ್ನು ಕರೆದು ಇಬ್ಬರೂ ಕಲಸಿರಿ. ಕರಗಿದ್ದನ್ನು ಸಲೈನ್ ಬಾಟಲಿಗೆ ಸೇರಿಸಿ ಸುಮಾರು ಒಂದು ಗಂಟೆಯಲ್ಲಿ ಹನಿಸಬೇಕು. ಪ್ರತಿವಿಷ ಮೈಗೊಗ್ಗದಿದ್ದರೆ ಕೊಡಲು ಅಡ್ರಿನಲಿನ್ ಕೈಗೆಟಕುವಂತಿರಲಿ.

ಫಂಗಸ್ ಸೋಂಕಿನ ಮದ್ದಾದ ಆಂಫೊಟೆರಿಸಿನ್-ಬಿ ಪುಡಿಗೆ ಸಲೈನ್ ತಾಗಿದರೆ ಗಸಿ ಕಟ್ಟುತ್ತದೆ. ಅದಕ್ಕೆ ಮೊದಲು ಸ್ಟೆರೈಲ್ ವಾಟರ್, ಆಮೇಲೆ 5% ಡೆಕ್ಸ್‌ಟ್ರೋಸ್. ದಡಾರ-ರುಬೆಲ್ಲಾ ಲಸಿಕೆಗೆ ಅದರ ಜೊತೆ ಬಂದ ದ್ರವವೇ ಆಗಬೇಕು, ಕಲಸಿದ ಮೇಲೆ 4 ಗಂಟೆಯಷ್ಟೇ ಆಯುಷ್ಯ. 2014ರಲ್ಲಿ ಸಿರಿಯಾದಲ್ಲಿ ಆ ದ್ರವದ ಬದಲು ಸ್ನಾಯು ಸಡಿಲಿಸುವ ಮದ್ದು ಬೆರೆಸಿ 15 ಮಕ್ಕಳು ಸತ್ತರು.

ರಾತ್ರಿ ಪಾಳಿಯಲ್ಲಿ ಎಷ್ಟೇ ದಣಿದಿದ್ದರೂ ಒಡೆಯುವ ಮುಂಚೆ ಲೇಬಲ್ ಓದು. ಅನುಮಾನ ಬಂದರೆ ಡಾಕ್ಟರನ್ನು ಎಬ್ಬಿಸಲು ಅಂಜಬೇಡವ್ವ.

ನಿನ್ನ ದೊಡ್ಡವ್ವ